ಅಲ್ಪಭೇದದ ವಿಚಾರ

ಧರ್ಮಾಧರ್ಮಗಳನ್ನು ವಿಚಾರಮಾಡುವವರು ಸಾಮಾನ್ಯವಾಗಿ ಮಹಾಸಂದರ್ಭಗಳನ್ನೇ ಉದಾಹರಣೆಗಾಗಿ ಆರಿಸಿಕೊಳ್ಳುತ್ತಾರೆ. ರಾಜ್ಯವೋ ವನವಾಸವೋ, ಬಾಂಧವ್ಯವೋ ಯುದ್ಧವೋ, ಸತ್ಯವೋ ಪ್ರಾಣವೋ ಎಂಬ ಕವಲುದಾರಿಯಲ್ಲಿ ನಿಂತ ಪುರಾಣಪುರುಷರ ಕಥೆಗಳಿಂದ ನೀತಿಪಾಠವನ್ನು ಕಲಿಯುವುದು ಈ ನಾಡಿನ ಹಳೆಯ ವಾಡಿಕೆ. ಆ ವಾಡಿಕೆಯು ಒಳ್ಳೆಯದೇ. ಆದರೆ ಅರ್ಜುನನಿಗೆ ಬಂದ ಸಂಕಟವು ಸಾಮಾನ್ಯನಾದ ಗೃಹಸ್ಥನಿಗೆ ಜೀವಮಾನದಲ್ಲಿ ಒಮ್ಮೆ ಬಂದರೆ ಹೆಚ್ಚು. ದಿನಬೆಳಗಾದರೆ ಅವನ ಎದುರಿಗೆ ಬಂದು ನಿಲ್ಲುವುದು ಬೇರೆ ಬಗೆಯ ಪ್ರಶ್ನೆ. ಎರಡು ವಸ್ತುಗಳಿವೆ, ಎರಡೂ ಒಳ್ಳೆಯವು, ಅವುಗಳ ನಡುವಣ ಭೇದವು ಅತ್ಯಲ್ಪ, ಆದರೂ ಒಂದನ್ನು ಹಿಡಿದು ಮತ್ತೊಂದನ್ನು ಬಿಡಬೇಕಾಗಿದೆ. ಇಂಥಲ್ಲಿ ವಿವೇಕಕ್ಕೆ ಕೆಲಸವುಂಟೆ? ಉಂಟಾದರೆ ಅದು ಎಂಥ ಕೆಲಸ? ಶಾಸ್ತ್ರಗಳು ದೊಡ್ಡ ದಾರಿಗಳನ್ನು ತೋರಿಸಿ ಸುಮ್ಮನಾಗುವ ಈ ಎಡೆಯಲ್ಲಿಯೇ ಮನುಷ್ಯನ ನಡತೆಯ ಬಹುಭಾಗವು ನಡೆದುಹೋಗುತ್ತದೆ. ಆದಕಾರಣ ಇದನ್ನು ಒಮ್ಮೆ ವಿಚಾರಿಸಿ ನೋಡುವುದು ವ್ಯರ್ಥವಲ್ಲ.

ದೃಷ್ಟಾಂತಕ್ಕಾಗಿ ಸೊರಬದ ಸೀಮೆಯಲ್ಲಿ ಒಂದು ಮನೆಯಿದೆಯೆಂದು ಇಟ್ಟುಕೊಳ್ಳಬಹುದು. ಮಳೆಗಾಲ ಕಳೆದಿದೆ, ಮಗಳ ಮದುವೆ ಗೊತ್ತಾಗಿದೆ, ನಡುಮನೆಯ ಗೋಡೆಗೆ ಬಣ್ಣ ಬಳಿಯಬೇಕಾಗಿದೆ. ಬಿಳಿಯೋ ಹಸುರೋ ಎಂಬ ಚರ್ಚೆ ಅಲ್ಲಿಲ್ಲ. ಕೆಂಪು ಬಣ್ಣವೇ ಆಗಬೇಕೆಂಬುದಕ್ಕೆ ಎಲ್ಲರ ಒಪ್ಪಿಗೆಯೂ ಇದೆ. ಆದರೆ ಮನೆಯ ಹಿರಿಯಳಿಗೆ ಬೇಕಾದದ್ದು ಗುಡ್ಡದ ಕೆಮ್ಮಣ್ಣಿನ ಕೆಂಪು. ಸೊಸೆಗೆ ಬೇಕಾದದ್ದು ಅದಕ್ಕಿಂತ ತುಸು ತಿಳಿಯಾದ, ತುಸು ಹಳದಿಗೆ ವಾಲಿದ ಕಾವಿಯ ಕೆಂಪು. “ಅತ್ತೆ, ಕೆಮ್ಮಣ್ಣು ಬಳಿದರೆ ಒಳಗೆಲ್ಲ ಕತ್ತಲೆ ಕವಿದ ಹಾಗೆ ಕಾಣುತ್ತದೆ” ಎಂದು ಸೊಸೆ ಹೇಳುತ್ತಾಳೆ. “ಕಾವಿ ಮಠಕ್ಕೆ ಚೆಂದ ಕಣಮ್ಮಾ, ಮನೆಗೆ ಕೆಮ್ಮಣ್ಣೇ ಸೈ” ಎಂದು ಅತ್ತೆ ಹೇಳುತ್ತಾಳೆ. ಜಗಲಿಯ ಮೇಲೆ ಕುಳಿತ ಯಜಮಾನನು ಇಬ್ಬರ ಮಾತನ್ನೂ ಕೇಳಿ, “ಇಷ್ಟು ಸಣ್ಣ ಸಂಗತಿಗೆ ಇಷ್ಟೊಂದು ಮಾತೆ?” ಎಂದು ಗದರಿ ಎದ್ದುಹೋಗುತ್ತಾನೆ. ಈ ಮೂವರಲ್ಲಿ ವಿವೇಕವು ಯಾರ ಪಾಲಿಗೆ ಇದೆಯೆಂಬುದೇ ಪ್ರಶ್ನೆ.

ಮೊದಲು ವಸ್ತುವಿನ ಸ್ವರೂಪವನ್ನು ನೋಡತಕ್ಕದ್ದು. ಈ ಎರಡು ಕೆಂಪುಗಳೂ ಒಂದೇ ತಾಯಿಯ ಮಕ್ಕಳು. ಕೆಮ್ಮಣ್ಣಿಗೂ ಕಾವಿಗೂ ಬಣ್ಣವನ್ನು ಕೊಡುವುದು ಕಬ್ಬಿಣದ ತುಕ್ಕಿನ ಜಾತಿಯ ಪದಾರ್ಥವೇ. ಅದರಲ್ಲಿ ನೀರಿನ ಅಂಶವು ಸೇರಿಕೊಂಡಿದ್ದರೆ ಹಳದಿಯಾಗಿಯೂ ಕಂದಾಗಿಯೂ ತೋರುತ್ತದೆ. ಆ ನೀರು ಹೋದರೆ ಕೆಂಪಾಗುತ್ತದೆ. ಹಳದಿಯ ಮಣ್ಣನ್ನು ಬೆಂಕಿಯಲ್ಲಿ ಸುಟ್ಟರೆ ಕೆಂಪಾಗುವುದು ಈ ಕಾರಣದಿಂದಲೇ. ಹಳದಿಯ ರೂಪದ ಖನಿಜಕ್ಕೆ ಪಂಡಿತರು ಗೋಥೈಟ್ ಎಂಬ ಹೆಸರನ್ನಿಟ್ಟಿದ್ದಾರೆ. ಅದು ಜರ್ಮನಿಯ ಮಹಾಕವಿ ಗಯಟೆಯ ಗೌರವಾರ್ಥವಾಗಿ 1806ರಲ್ಲಿ ಬಂದ ಹೆಸರು. ಆ ಕವಿಯೇ 1810ರಲ್ಲಿ ಬಣ್ಣಗಳ ವಿಚಾರವಾಗಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದನು. ಮಲೆನಾಡಿನ ಜಂಬಿಟ್ಟಿಗೆ ಕಲ್ಲೂ ಇದೇ ಬಳಗದ್ದು. ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಯು ಮೈಸೂರು, ಕನ್ನಡ, ಮಲಬಾರು ಸೀಮೆಗಳನ್ನು ಸುತ್ತಿ 1807ರಲ್ಲಿ ಅಚ್ಚುಹಾಕಿಸಿದ ತನ್ನ ಪುಸ್ತಕದಲ್ಲಿ, ಇಟ್ಟಿಗೆಯಂತೆ ಕಡಿದು ಒಣಗಿಸತಕ್ಕ ಈ ಕಲ್ಲಿಗೆ ಲ್ಯಾಟಿನ್ ಭಾಷೆಯ ಇಟ್ಟಿಗೆಯ ಹೆಸರನ್ನೇ ಕೊಟ್ಟನು. ಹೀಗೆ ಮಣ್ಣಿನ ದೃಷ್ಟಿಯಿಂದ ನೋಡಿದರೆ ಅತ್ತೆಯ ಕೆಂಪಿಗೂ ಸೊಸೆಯ ಕೆಂಪಿಗೂ ಇರುವ ಅಂತರವು ತುಸು ನೀರು, ತುಸು ಬೆಂಕಿ, ತುಸು ಜೇಡಿ, ಅಷ್ಟೆ. ಯಜಮಾನನ ಗದರಿಕೆಗೆ ಇದು ಬೆಂಬಲವಾಗಿ ತೋರಬಹುದು.

ಆದರೆ ಗೋಡೆಯ ಬಣ್ಣವು ಮಣ್ಣಿನಲ್ಲಿ ಮಾತ್ರವೇ ಇರುವುದಿಲ್ಲ. ಪ್ಯಾರಿಸ್ಸಿನ ಗೊಬೆಲಿನ್ ಎಂಬ ನೇಯ್ಗೆಯ ಕಾರ್ಖಾನೆಯಲ್ಲಿ ಬಣ್ಣದ ಕೆಲಸದ ಮೇಲಧಿಕಾರಿಯಾಗಿದ್ದ ಶೆವ್ರೋಲನ ಬಳಿಗೆ, ಅಲ್ಲಿಯ ಕಪ್ಪುನೂಲು ಸಾಲದಷ್ಟು ಕಪ್ಪಾಗಿಲ್ಲವೆಂಬ ದೂರು ಬಂದಿತು. ಅವನು ಪರೀಕ್ಷಿಸಿ ನೋಡಲು, ದೋಷವು ಕಪ್ಪಿನಲ್ಲಿರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣಗಳೇ ಅದನ್ನು ಕಳೆಗುಂದಿಸುತ್ತಿದ್ದವು. ಒಂದು ಬಣ್ಣದ ತೋರಿಕೆಯು ಅದರ ನೆರೆಹೊರೆಯನ್ನು ಅವಲಂಬಿಸಿದೆಯೆಂಬ ನಿಯಮವನ್ನು ಅವನು 1839ರಲ್ಲಿ ಗ್ರಂಥರೂಪವಾಗಿ ವಿವರಿಸಿದನು. ಬೊಹಿಮಿಯಾದ ಪುರ್ಕಿಂಯೆ ಎಂಬ ವಿದ್ವಾಂಸನು 1825ರಲ್ಲಿ ಮತ್ತೊಂದು ಸಂಗತಿಯನ್ನು ಪ್ರಕಟಪಡಿಸಿದನು. ಬೆಳಕು ಕುಂದುತ್ತ ಬರುವಾಗ ಕಣ್ಣಿಗೆ ಎಲ್ಲ ಬಣ್ಣಗಳೂ ಒಂದೇ ಸಮನಾಗಿ ಮಂಕಾಗುವುದಿಲ್ಲ. ಕೆಂಪು ಮೊದಲು ಕಪ್ಪಿಗೆ ತಿರುಗುತ್ತದೆ, ನೀಲಿಯು ತಡೆದು ನಿಲ್ಲುತ್ತದೆ. ಆಷಾಢದ ಸಂಜೆಯಲ್ಲಿ ಸೊರಬದ ಮನೆಯೊಂದರ ನಡುಮನೆಯನ್ನು ಬಲ್ಲವರಿಗೆ ಈ ಮಾತಿನ ಅರ್ಥ ಕೂಡಲೆ ಹೊಳೆಯುತ್ತದೆ. ತಗ್ಗಾದ ಮಾಡು, ಮಳೆಯ ಇರಚಲನ್ನು ತಡೆಯುವ ಉದ್ದನೆಯ ಸೂರು, ಸಣ್ಣ ಕಿಟಕಿ, ಹೊರಗೆ ಅಡಕೆ ತೋಟದ ಹಸುರು. ಅಂಥ ಕೋಣೆಯಲ್ಲಿ ದಟ್ಟವಾದ ಕೆಂಪು ಹಗಲಿನಲ್ಲಿಯೇ ಕತ್ತಲೆಯನ್ನು ಕರೆಯುತ್ತದೆ. ಅಂಗಡಿಯ ಚೀಟಿಯ ಮೇಲೆ ಎಳ್ಳಿನಷ್ಟಾಗಿ ಕಂಡ ಭೇದವು ಗೋಡೆಯ ಮೇಲೆ ಹಗಲಿರುಳಿನಷ್ಟಾಗಬಹುದು. ಸೊಸೆಯ ಮಾತು ಬರಿಯ ಚಪಲವಲ್ಲ.

ಅತ್ತೆಯ ಮಾತೂ ಹಾಗೆಯೇ. ಸಾಗರ ಸೊರಬಗಳ ಕಡೆಯ ದೀವರ ಮನೆಗಳಲ್ಲಿ ಮದುವೆಗೆ ಹಸೆಗೋಡೆಯ ಚಿತ್ತಾರವನ್ನು ಬರೆಯುವ ಸಂಪ್ರದಾಯವುಂಟು. ಕೆಂಪಾದ ನೆಲೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಹುರಿದು ಕರಿಕಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿನಾರಿನ ಕುಂಚ, ಇಷ್ಟೇ ಸಾಮಗ್ರಿ. ಭೂಮಿಹುಣ್ಣಿಮೆಯ ದಿನ ಹೊಲಕ್ಕೆ ಹೊತ್ತೊಯ್ಯುವ ಭೂಮಣ್ಣಿಬುಟ್ಟಿಯನ್ನೂ ಇದೇ ಬಗೆಯಾಗಿ ಕೆಂಪು ಬಳಿದು ಚಿತ್ತಾರದಿಂದ ತುಂಬಿಸುತ್ತಾರೆ. ಈ ಎಳೆಗಳ ಸೊಗಸೆಲ್ಲವೂ ಹಿಂದಿನ ಕೆಂಪಿನ ಗಾಢತೆಯಿಂದ ಬಂದದ್ದು. ನೆಲೆಯು ತಿಳಿಯಾದಷ್ಟೂ ಬಿಳಿಯ ಗೆರೆಯ ಬಿಗಿ ಸಡಿಲುತ್ತದೆ. ನೆಲೆಯು ಹಳದಿಗೆ ವಾಲಿದಷ್ಟೂ ಗುರಿಗೆಯ ಹಳದಿಯು ಅದರೊಳಗೆ ಅಡಗಿಹೋಗುತ್ತದೆ. ಕೆಮ್ಮಣ್ಣೇ ಸೈ ಎಂದ ಮುದುಕಿಗೆ ಶೆವ್ರೋಲನ ಹೆಸರು ತಿಳಿಯದು. ಅವನು ಕಂಡ ನಿಯಮವು ಮಾತ್ರ ಅವಳ ಕೈಗೆ ತಿಳಿದಿದೆ. ಕಾರಣವನ್ನು ಹೇಳಲಾರದವರಿಗೆ ಕಾರಣವೇ ಇಲ್ಲವೆಂದು ತೀರ್ಮಾನಿಸುವುದು ವಿದ್ಯಾವಂತರು ಮೇಲಿಂದ ಮೇಲೆ ಮಾಡುವ ಅನ್ಯಾಯ.

ಇಷ್ಟರಿಂದ ಮೊದಲನೆಯ ತತ್ತ್ವವು ದೊರೆಯುತ್ತದೆ. ಭೇದವು ಅಲ್ಪವೋ ಅಲ್ಲವೋ ಎಂಬುದನ್ನು ನೋಡುವವನ ಅವಸರವು ನಿರ್ಣಯಿಸಬಾರದು, ಬಳಕೆಯು ನಿರ್ಣಯಿಸಬೇಕು. ಸೊರಬದ ಗುಡಿಗಾರರು ತಲೆಮಾರುಗಳಿಂದ ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಕೊಳ್ಳಲು ಬಂದವನ ಕಣ್ಣಿಗೆ ಎರಡು ತುಂಡು ಮರಗಳು ಒಂದೇ ಆಗಿ ಕಾಣಬಹುದು. ಆದರೆ ಗಂಧದ ಮರದ ಹೊರಭಾಗದ ಬಿಳಿಯ ಮರಕ್ಕೆ ಪರಿಮಳವಿಲ್ಲ. ಒಳಗಿನ ಚೇಗಿಗೆ ಮಾತ್ರ ಉಂಟು. ಈ ಎರಡರ ಎಲ್ಲೆಯನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅರಿಯದವನು ಉಳಿಯನ್ನು ಹಿಡಿಯುವುದೇ ಅಪಾಯ. ಯಾವ ಕಸುಬಿನಲ್ಲಿಯಾದರೂ ಪಳಗುವುದೆಂದರೆ ಮೊದಲು ಒಂದಾಗಿ ಕಂಡದ್ದು ಆಮೇಲೆ ಎರಡಾಗಿ ಕಾಣುವುದೇ. ಸಂಗೀತಗಾರನಿಗೆ ಶ್ರುತಿಭೇದ, ಅಡುಗೆಯವನಿಗೆ ಉಪ್ಪಿನ ಹದ, ರೈತನಿಗೆ ಮಣ್ಣಿನ ತೇವ, ವೈದ್ಯನಿಗೆ ನಾಡಿಯ ನಡೆ. ಸಣ್ಣ ಭೇದಗಳನ್ನು ತುಚ್ಛವೆಂದು ತಳ್ಳುವವನು ತನ್ನ ವೈರಾಗ್ಯವನ್ನು ತೋರಿಸುತ್ತಿದ್ದಾನೆಂದು ಹೇಳುವಂತಿಲ್ಲ. ಬಹುಶಃ ತಾನು ಇನ್ನೂ ಕಲಿಯದಿರುವುದನ್ನು ತೋರಿಸುತ್ತಿದ್ದಾನೆ.

ಇನ್ನು ಎರಡನೆಯ ಸಂದರ್ಭ. ಪಟ್ಟಾಗಿ ಪರೀಕ್ಷಿಸಿದ ಮೇಲೆಯೂ ಎರಡು ವಸ್ತುಗಳು ಸಮವಾಗಿಯೇ ಉಳಿದರೆ ಗತಿಯೇನು? ತತ್ತ್ವಜ್ಞರು ಈ ಪ್ರಶ್ನೆಯನ್ನು ಬಹುಕಾಲದಿಂದ ಮಥಿಸಿದ್ದಾರೆ. ಸಮದೂರದಲ್ಲಿ ಸಮನಾದ ಎರಡು ಹುಲ್ಲಿನ ಹೊರೆಗಳ ನಡುವೆ ನಿಂತು, ಒಂದರ ಕಡೆಗೆ ತಿರುಗಲು ಕಾರಣವಿಲ್ಲದೆ ಹಸಿವಿನಿಂದ ಸತ್ತ ಕತ್ತೆಯ ಕಥೆಯು ಪ್ರಸಿದ್ಧವಾಗಿದೆ. ಅದನ್ನು 14ನೆಯ ಶತಮಾನದ ಪ್ಯಾರಿಸ್ಸಿನ ಉಪಾಧ್ಯಾಯನಾದ ಬುರಿದಾನನ ಹೆಸರಿನಿಂದ ಕರೆಯುತ್ತಾರೆ. ಆದರೆ ಅವನ ಗ್ರಂಥಗಳಲ್ಲಿ ಆ ಕತ್ತೆಯು ಕಾಣುವುದಿಲ್ಲ. ಅವನಿಗಿಂತ ಹಿಂದೆಯೇ, 11ನೆಯ ಶತಮಾನದ ಕೊನೆಯಲ್ಲಿ, ಅಲ್ ಘಜಾಲಿಯು ಎರಡು ಖರ್ಜೂರಗಳ ದೃಷ್ಟಾಂತವನ್ನು ಕೊಟ್ಟಿದ್ದನು. ಹಸಿದವನ ಮುಂದೆ ಎಲ್ಲ ವಿಧದಲ್ಲಿಯೂ ಸಮನಾದ ಎರಡು ಹಣ್ಣುಗಳಿದ್ದು, ಒಂದನ್ನೇ ತೆಗೆದುಕೊಳ್ಳಬಹುದಾದರೆ, ಅವನು ಒಂದನ್ನು ತೆಗೆದುಕೊಂಡೇ ತೀರುವನು. ಸಮವಾದವುಗಳಲ್ಲಿ ಒಂದನ್ನು ಬೇರ್ಪಡಿಸಿ ಹಿಡಿಯುವುದೇ ಇಚ್ಛಾಶಕ್ತಿಯ ಸ್ವಭಾವವೆಂದು ಅವನ ವಾದ. ಇದಕ್ಕೆ ಮುಂದಿನ ಶತಮಾನದ ಇಬ್ನ್ ರುಷ್ದನು ಕೊಟ್ಟ ಉತ್ತರವು ಇನ್ನೂ ಮನನೀಯವಾದದ್ದು. ಆ ಮನುಷ್ಯನು ಈ ಹಣ್ಣು ಆ ಹಣ್ಣುಗಳ ನಡುವೆ ಆರಿಸುತ್ತಿಲ್ಲ. ತಿನ್ನುವುದು ತಿನ್ನದಿರುವುದು ಇವೆರಡರ ನಡುವೆ ಆರಿಸುತ್ತಿದ್ದಾನೆ ಎಂದು ಅವನು ಹೇಳಿದನು.

ಈ ಉತ್ತರವು ಗೃಹಸ್ಥನಿಗೆ ಬಹಳ ಉಪಯುಕ್ತವಾದದ್ದು. ಬಣ್ಣಗಳು ನಿಜವಾಗಿ ಸಮವಾದಾಗ, ಅವನು ಆರಿಸಬೇಕಾದದ್ದು ಬಣ್ಣವನ್ನಲ್ಲ. ಬಳಿದ ಗೋಡೆಯನ್ನೋ ಬಳಿಯದ ಗೋಡೆಯನ್ನೋ ಎಂಬುದನ್ನು. ಆಗ ಚೀಟಿಯೆತ್ತಿ ತೀರ್ಮಾನಿಸಿದರೂ ದೋಷವಿಲ್ಲ. ತಡಮಾಡುವುದರಲ್ಲಿ ಮಾತ್ರ ದೋಷವುಂಟು. ಇಂದಿನ ಬಣ್ಣದ ಅಂಗಡಿಗಳಲ್ಲಿ ಯಂತ್ರವು ಬೆರೆಸಿಕೊಡಬಲ್ಲ ಛಾಯೆಗಳು ಸಾವಿರಗಟ್ಟಲೆ. ಚೀಟಿಗಳ ಕಟ್ಟನ್ನು ತಿರುವಿಹಾಕುತ್ತ ವಾರಗಟ್ಟಲೆ ಕುಳಿತವರು ಸೂಕ್ಷ್ಮರುಚಿಯುಳ್ಳವರೆಂದು ತಮ್ಮನ್ನು ತಾವು ಭಾವಿಸಿಕೊಳ್ಳಬಹುದು. ಆದರೆ ಬಣ್ಣ ಬಳಿಯುವ ಕೂಲಿಯವನು ದಿನಗೂಲಿ ತಪ್ಪಿ ಕಾಯುತ್ತಿರುತ್ತಾನೆ. ಮನೆಯ ಸಾಮಾನೆಲ್ಲ ಜಗಲಿಯಲ್ಲಿ ಹರಡಿರುತ್ತದೆ. ಸಂಸಾರದ ಸಮಾಧಾನವು ಕೆಡುತ್ತದೆ. ಕಾಣದ ಭೇದವನ್ನು ಹುಡುಕುತ್ತ ಕಾಣುವ ಕಷ್ಟವನ್ನು ಮರೆಯುವುದು ರುಚಿಯ ಲಕ್ಷಣವಲ್ಲ.

ಲೈಬ್ನಿಟ್ಸ್ ಎಂಬ ಜರ್ಮನ್ ತತ್ತ್ವಜ್ಞನು 1716ರಲ್ಲಿ ಬರೆದ ಒಂದು ಪತ್ರದಲ್ಲಿ, ರಾಜಕುಮಾರಿಯೊಬ್ಬಳ ಉದ್ಯಾನದಲ್ಲಿ ನಡೆದ ವಿನೋದವನ್ನು ಹೇಳಿದ್ದಾನೆ. ಜಗತ್ತಿನಲ್ಲಿ ಸಂಪೂರ್ಣವಾಗಿ ಒಂದೇ ಆಗಿರುವ ಎರಡು ವಸ್ತುಗಳಿಲ್ಲವೆಂಬ ಅವನ ಮಾತನ್ನು ಸುಳ್ಳುಮಾಡಲು ಒಬ್ಬ ಸಭ್ಯನು ತೋಟವನ್ನೆಲ್ಲ ಸುತ್ತಿ ಒಂದೇ ತೆರನಾದ ಎರಡು ಎಲೆಗಳನ್ನು ಹುಡುಕಿ ಸೋತನಂತೆ. ಭೇದವು ಎಲ್ಲೆಲ್ಲಿಯೂ ಉಂಟೆಂಬುದು ನಿಜ. ಆದರೆ ಭೇದವೆಲ್ಲವೂ ಕಾರಣವಲ್ಲ. ಹಸಿದು ಬಂದವನಿಗೆ ಬಾಳೆಯ ಎಲೆ ಹಾಕುವಾಗ ಎರಡು ಎಲೆಗಳ ನರಗಳನ್ನು ಎಣಿಸಿ ನೋಡುವ ಅಗತ್ಯವಿಲ್ಲ. ಇರುವ ಭೇದವನ್ನು ಕಾಣುವುದು ಕಣ್ಣಿನ ಗುಣ. ಯಾವ ಭೇದಕ್ಕೆ ಬೆಲೆ ಕೊಡಬೇಕೆಂದು ತಿಳಿಯುವುದು ವಿವೇಕದ ಗುಣ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕಾಗುತ್ತದೆ. ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಹೆಸರಾದ ಉಡುತಡಿಯು ಶಿಕಾರಿಪುರ ತಾಲ್ಲೂಕಿನಲ್ಲಿದೆ. ಅಲ್ಲಮಪ್ರಭುವಿನ ಹೆಸರಿನೊಡನೆ ಕೂಡಿಕೊಂಡಿರುವ ಬಳ್ಳಿಗಾವೆಯೂ ಅಲ್ಲಿಯದೇ. ಅರಮನೆಯನ್ನೂ ಉಡುಗೆಯನ್ನೂ ಬಿಟ್ಟು ನಡೆದವಳ ಸೀಮೆಯಲ್ಲಿ ಗೋಡೆಯ ಕೆಂಪಿಗಾಗಿ ಚಿಂತಿಸುವುದು ನಾಚಿಕೆಗೇಡಲ್ಲವೆ ಎಂದು ಯಾರಾದರೂ ಕೇಳಬಹುದು. ಕಾವಿಯೆಂಬ ಹೆಸರೇ ಆ ಪ್ರಶ್ನೆಯನ್ನು ಹೊತ್ತುಕೊಂಡು ಬಂದಿದೆ. ಒಂದೇ ಕಬ್ಬಿಣದ ಮಣ್ಣು ಸನ್ಯಾಸಿಯ ಬಟ್ಟೆಗೆ ಬಂದರೆ ತ್ಯಾಗವೆನಿಸುತ್ತದೆ, ಮದುವೆಯ ಮನೆಯ ಗೋಡೆಗೆ ಬಂದರೆ ಭೋಗವೆನಿಸುತ್ತದೆ. ಕರಾವಳಿಯ ದೇವಾಲಯಗಳಲ್ಲಿ ಸುಣ್ಣದ ಬಿಳುಪಿನ ಮೇಲೆ ಕಾವಿಯ ಕೆಲಸವಾಗಿ ಬಂದರೆ ಕಲೆಯೆನಿಸುತ್ತದೆ. ಬಣ್ಣಕ್ಕೆ ಸ್ವಂತವಾದ ಧರ್ಮವಿಲ್ಲ. ಅದು ಏರಿದ ಸ್ಥಾನದಿಂದ ಅದಕ್ಕೆ ಅರ್ಥ ಬರುತ್ತದೆ.

ಆಕ್ಷೇಪಕ್ಕೆ ಸಮಾಧಾನವೂ ಇಲ್ಲಿಯೇ ಇದೆ. ಎಲ್ಲವನ್ನೂ ಬಿಟ್ಟವರು ಗೋಡೆಯ ಬಣ್ಣವನ್ನು ಬಿಟ್ಟದ್ದು ಗೋಡೆಯನ್ನೇ ಬಿಟ್ಟದ್ದರಿಂದ. ಗೋಡೆಯೊಳಗೆ ವಾಸಮಾಡುತ್ತಲೇ ಅದರ ಚಿಂತೆಯನ್ನು ಮಾತ್ರ ಬಿಟ್ಟವನಿಗೆ ತ್ಯಾಗದ ಫಲ ಬರುವುದಿಲ್ಲ. ಅಲಕ್ಷ್ಯದ ಫಲ ಬರುತ್ತದೆ. ಅವನು ಬಿಟ್ಟ ಚಿಂತೆಯನ್ನು ಮನೆಯಲ್ಲಿ ಬೇರೆ ಯಾರೋ ಹೊರಬೇಕಾಗುತ್ತದೆ. ಗೃಹಸ್ಥಾಶ್ರಮದ ಧರ್ಮವು ಇರುವ ವಸ್ತುಗಳನ್ನು ಚೆನ್ನಾಗಿ ಇರಿಸಿಕೊಳ್ಳುವುದನ್ನೂ ಒಳಗೊಂಡಿದೆ. ಬರುವ ನೆಂಟರಿಗೂ ಆಡುವ ಮಕ್ಕಳಿಗೂ ರೋಗದಿಂದ ಮಲಗಿದವರಿಗೂ ಆ ಗೋಡೆಯೇ ನೋಟ.

ಮೂರನೆಯದಾಗಿ, ಆರಿಕೆಗೆ ಕೊಡುವ ಕಾರಣಗಳ ಪ್ರಾಮಾಣಿಕತೆಯನ್ನು ವಿಚಾರಿಸಬೇಕು. ಭೇದವು ಚಿಕ್ಕದಾದಷ್ಟೂ ಮನುಷ್ಯನು ಕಾರಣಗಳನ್ನು ದೊಡ್ಡದಾಗಿ ಕಟ್ಟುತ್ತಾನೆ. ತನಗೆ ಒಂದು ಬಣ್ಣವು ಇಷ್ಟವೆಂದು ಸರಳವಾಗಿ ಹೇಳಲು ಸಂಕೋಚಪಟ್ಟು, ವಾಸ್ತುವನ್ನೂ ಆರೋಗ್ಯವನ್ನೂ ಮಿತವ್ಯಯವನ್ನೂ ಪೂರ್ವಿಕರನ್ನೂ ಸಾಕ್ಷಿಗೆ ಕರೆಯುತ್ತಾನೆ. ಮೊದಲು ಮನಸ್ಸು ತೀರ್ಮಾನಿಸಿದೆ. ಆಮೇಲೆ ಬುದ್ಧಿಯು ಓಡಾಡಿ ಸಾಕ್ಷಿಗಳನ್ನು ಒದಗಿಸಿದೆ. ಇದರಿಂದ ಎರಡು ಹಾನಿಗಳುಂಟು. ಒಂದು, ಎದುರಿನವರು ಆ ಕಾರಣಗಳನ್ನು ಖಂಡಿಸತೊಡಗುತ್ತಾರೆ, ಕಲಹ ಬೆಳೆಯುತ್ತದೆ. ಇಷ್ಟವನ್ನು ಯಾರೂ ಖಂಡಿಸಲಾರರು, ಕಾರಣವನ್ನು ಎಲ್ಲರೂ ಖಂಡಿಸಬಲ್ಲರು. ಇನ್ನೊಂದು, ಹೇಳುವವನಿಗೇ ತನ್ನ ಮನಸ್ಸಿನ ಪರಿಚಯ ತಪ್ಪಿಹೋಗುತ್ತದೆ. “ನನಗೆ ಇದು ಹಿತವಾಗಿದೆ” ಎಂಬ ಮಾತು ನ್ಯಾಯವಾದ ಕಾರಣವೇ. ಅದಕ್ಕೆ ಶಾಸ್ತ್ರದ ಅಂಗಿಯನ್ನು ತೊಡಿಸುವ ಅವಶ್ಯಕತೆಯಿಲ್ಲ. ಸಣ್ಣ ಸಂಗತಿಗಳಲ್ಲಿ ಸುಳ್ಳು ಕಾರಣಗಳನ್ನು ಹೇಳಿ ಪಳಗಿದವನು ದೊಡ್ಡ ಸಂಗತಿಗಳಲ್ಲಿಯೂ ಅದೇ ದಾರಿಯನ್ನು ಹಿಡಿಯುತ್ತಾನೆ.

ಈಗ ಯಜಮಾನನ ಮಾತಿಗೆ ಬರಬಹುದು. “ಇಷ್ಟು ಸಣ್ಣ ಸಂಗತಿಗೆ ಇಷ್ಟೊಂದು ಮಾತೆ?” ಎಂಬ ವಾಕ್ಯವು ಮೇಲುನೋಟಕ್ಕೆ ವಿವೇಕದ ವಾಕ್ಯ. ಆದರೆ ಲೋಕದಲ್ಲಿ ಅದನ್ನು ಆಡುವವರು ಯಾರೆಂಬುದನ್ನು ಗಮನಿಸಬೇಕು. ಬಹುಮಟ್ಟಿಗೆ ಅದನ್ನು ಆಡುವವರು ತಮ್ಮ ಇಷ್ಟವು ಹೇಗೂ ನಡೆಯುವುದೆಂಬ ಭರವಸೆಯುಳ್ಳವರು. ಸಂಗತಿಯು ನಿಜವಾಗಿ ಸಣ್ಣದಾದರೆ ಅದನ್ನು ಬಿಟ್ಟುಕೊಡುವುದೂ ಸಣ್ಣ ಕೆಲಸವೇ ಆಗಬೇಕು. ಹಾಗಿದ್ದರೂ ಸಣ್ಣದೆಂದು ಹೇಳಿದವನೇ ಬಿಟ್ಟುಕೊಡದೆ, ಎದುರಿನವರೇ ಬಿಟ್ಟುಕೊಡಬೇಕೆಂದು ನಿರೀಕ್ಷಿಸುತ್ತಾನೆ. ಸಣ್ಣದೆಂಬ ಮಾತು ಅಲ್ಲಿ ಅಳತೆಯಾಗಿ ಬಂದಿಲ್ಲ; ಬಾಯಿ ಮುಚ್ಚಿಸುವ ಸಾಧನವಾಗಿ ಬಂದಿದೆ. ಒಂದು ವಸ್ತುವು ತನಗೆ ಅಲ್ಪವೆಂದು ಹೇಳುವ ಅಧಿಕಾರ ಎಲ್ಲರಿಗೂ ಉಂಟು. ಇನ್ನೊಬ್ಬರಿಗೂ ಅದು ಅಲ್ಪವೇ ಆಗಿರಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ.

ಮನುಷ್ಯನಿಗೆ ಏನು ದೊಡ್ಡದು ಏನು ಸಣ್ಣದೆಂಬುದನ್ನು ಹೊರಗಿನಿಂದ ಅಳೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇದೇ ಸೀಮೆಯ ಕಲ್ಲೊಂದು ಸಾಕ್ಷಿ ಹೇಳುತ್ತದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕುಬ್ಜನೆಂಬ ಕವಿಯು ರಚಿಸಿದ 5ನೆಯ ಶತಮಾನದ ಸಂಸ್ಕೃತ ಶಾಸನವಿದೆ. ವೇದಾಧ್ಯಯನಕ್ಕಾಗಿ ಕಾಂಚಿಗೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆಯ ಸವಾರನೊಡನೆ ತೀವ್ರವಾದ ಕಲಹವಾಯಿತೆಂದೂ, ಅದರಿಂದ ನೊಂದು ಅವನು ದರ್ಭೆಯನ್ನು ಹಿಡಿಯುವ ಕೈಯಲ್ಲಿ ಕತ್ತಿಯನ್ನು ಹಿಡಿದನೆಂದೂ ಅದು ತಿಳಿಸುತ್ತದೆ. ಕದಂಬರ ರಾಜ್ಯದ ಮೂಲವು ಅಲ್ಲಿದೆ. ಒಬ್ಬ ಸವಾರನಿಗೂ ಒಬ್ಬ ವಿದ್ಯಾರ್ಥಿಗೂ ಆದ ಜಗಳವು ಪಲ್ಲವರ ಕಣ್ಣಿಗೆ ಎಂಥ ಸಂಗತಿಯಾಗಿ ತೋರಿದ್ದೀತು? ಜಗಳದ ವಸ್ತುವನ್ನು ಅಳೆದರೆ ಸಣ್ಣದಾದೀತು. ಅದರೊಳಗಿನ ಅವಮಾನವನ್ನು ಅಳೆಯಲು ಬೇರೆ ಮಾನವೇ ಬೇಕು. ನಡುಮನೆಯ ಬಣ್ಣದಿಂದ ರಾಜ್ಯಗಳು ಹುಟ್ಟುವುದಿಲ್ಲವೆಂಬುದು ನಿಜ. ಆದರೆ ಒಂದು ಮನೆಗೆ ಬಂದು ಹತ್ತು ವರ್ಷವಾದರೂ ಒಂದು ಗೋಡೆಯ ಬಣ್ಣದಲ್ಲಿಯೂ ತನ್ನ ಮಾತು ನಡೆಯಲಿಲ್ಲವೆಂದು ಕಂಡವಳು, ಅದು ತನ್ನ ಮನೆಯೆಂದು ನಂಬುವುದು ಹೇಗೆ? ಐವತ್ತು ವರ್ಷ ಕೈಯಾರೆ ಸಾರಣೆ ಕಾರಣೆ ಮಾಡಿದ ಗೋಡೆಯ ವಿಚಾರದಲ್ಲಿ ತನ್ನನ್ನು ಯಾರೂ ಕೇಳುವುದಿಲ್ಲವೆಂದು ಕಂಡವಳು, ತನ್ನ ಕಾಲವು ಮುಗಿಯಿತೆಂದು ಭಾವಿಸದಿರುವುದು ಹೇಗೆ? ಇಬ್ಬರೂ ಮಾತಾಡುತ್ತಿರುವುದು ಕೆಂಪಿನ ವಿಚಾರವನ್ನೇ. ಕೇಳುತ್ತಿರುವುದು ಮಾತ್ರ ತಮ್ಮ ತಮ್ಮ ಸ್ಥಾನವನ್ನು.

ಹೀಗಿರುವಲ್ಲಿ ತೀರ್ಮಾನದ ನ್ಯಾಯವೇನು? ಒಂದೆರಡು ಸೂತ್ರಗಳನ್ನು ಹೇಳಬಹುದು. ಮೊದಲನೆಯದು, ವಸ್ತುವಿನೊಡನೆ ಹೆಚ್ಚು ಕಾಲ ಬಾಳುವವರ ಮಾತಿಗೆ ಹೆಚ್ಚು ಬೆಲೆ. ದಿನಕ್ಕೆ ಎರಡು ಗಳಿಗೆ ನಡುಮನೆಯಲ್ಲಿ ಕೂರುವವನಿಗಿಂತ ದಿನವೆಲ್ಲ ಅಲ್ಲಿ ದುಡಿಯುವವರ ಕಣ್ಣು ಮುಖ್ಯ. ಎರಡನೆಯದು, ಅದನ್ನು ತನ್ನ ಕೈಯಿಂದ ಮಾಡುವವರ ಮಾತಿಗೂ ಅಷ್ಟೇ ಬೆಲೆ. ಕೆಮ್ಮಣ್ಣನ್ನು ಅಗೆದು ತಂದು, ನೆನೆಸಿ, ಸೋಸಿ, ಬಟ್ಟೆಯಿಂದ ಬಳಿಯುವ ಶ್ರಮವೆಲ್ಲ ಹೆಂಗಸರದು. ಅವರ ಅಭಿಪ್ರಾಯವನ್ನು ಕೇಳದೆ ಜಗಲಿಯ ಮೇಲೆ ತೀರ್ಮಾನಿಸುವುದು ಉಳುವವನನ್ನು ಕೇಳದೆ ಬೆಳೆ ನಿರ್ಣಯಿಸಿದಂತೆ. ಮೂರನೆಯದು, ತಿದ್ದಲು ಬರುವ ತೀರ್ಮಾನಕ್ಕೆ ಹೆಚ್ಚು ಚಿಂತೆ ಸಲ್ಲದು. ಮಣ್ಣಿನ ಬಣ್ಣವನ್ನು ಮಳೆಗಾಲ ಕಳೆದ ಮೇಲೆ ಹೇಗೂ ಹೊಸದಾಗಿ ಬಳಿಯಬೇಕು. ಈ ವರ್ಷ ಒಬ್ಬರ ಇಷ್ಟ ನಡೆದರೆ ಮುಂದಿನ ವರ್ಷ ಇನ್ನೊಬ್ಬರದು ನಡೆಯಬಹುದು. ಕಾರ್ಖಾನೆಯ ಬಣ್ಣಕ್ಕೆ ಬೆಲೆಯೂ ಹೆಚ್ಚು, ಬಾಳಿಕೆಯೂ ಹೆಚ್ಚು. ಅಲ್ಲಿ ತಪ್ಪಿನ ಬಾಳಿಕೆಯೂ ಅಷ್ಟೇ ಆದ್ದರಿಂದ ಹೆಚ್ಚು ಎಚ್ಚರ ಬೇಕು. ಗೋಡೆಯ ಮೇಲೆಯೇ ಎರಡು ಬಣ್ಣಗಳನ್ನೂ ಮೊಳದಗಲ ಬಳಿದು, ಬೆಳಗಿನ ಬಿಸಿಲಿನಲ್ಲಿಯೂ ಮೋಡದ ಮಂಕಿನಲ್ಲಿಯೂ ರಾತ್ರಿಯ ದೀಪದಲ್ಲಿಯೂ ಎಲ್ಲರೂ ಕೂಡಿ ನೋಡಿದರೆ ಅರ್ಧ ವಿವಾದವು ತಾನಾಗಿಯೇ ಅಡಗುತ್ತದೆ. ಉಳಿದ ಅರ್ಧಕ್ಕೆ ನಾಲ್ಕನೆಯ ಸೂತ್ರ: ಸಮನಾದಲ್ಲಿ, ಬಲವುಳ್ಳವನು ಬಿಟ್ಟುಕೊಡತಕ್ಕದ್ದು. ಬಲವಿಲ್ಲದವರು ಬಿಟ್ಟುಕೊಟ್ಟರೆ ಅದು ಔದಾರ್ಯವೋ ಅನಿವಾರ್ಯವೋ ತಿಳಿಯುವುದಿಲ್ಲ. ಬಲವುಳ್ಳವನು ಬಿಟ್ಟುಕೊಟ್ಟಾಗ ಮಾತ್ರ ಅದು ಕೊಡುಗೆಯಾಗುತ್ತದೆ.

ಆದರೆ ಬಿಟ್ಟುಕೊಡುವುದಕ್ಕೂ ಒಂದು ಎಲ್ಲೆಯುಂಟು. ಒಂದು ಛಾಯೆಗೂ ಅದರ ಪಕ್ಕದ ಛಾಯೆಗೂ ಭೇದ ಕಾಣದು. ಅದಕ್ಕೂ ಅದರ ಪಕ್ಕದ್ದಕ್ಕೂ ಕಾಣದು. ಹೀಗೆ ನೂರು ಹೆಜ್ಜೆ ನಡೆದರೆ ಕೆಂಪು ಹೋಗಿ ಹಳದಿ ಬಂದಿರುತ್ತದೆ, ಯಾವ ಹೆಜ್ಜೆಯಲ್ಲಿ ಹೋಯಿತೆಂದು ಯಾರೂ ಹೇಳಲಾರರು. ಸಂಪ್ರದಾಯಗಳು ಅಳಿಯುವುದು ಈ ಕ್ರಮದಿಂದಲೇ. ಒಂದು ವರ್ಷ ಕೆಮ್ಮಣ್ಣಿಗೆ ಬದಲಾಗಿ ಅಂಗಡಿಯ ಕಾವಿ. ಇನ್ನೊಂದು ವರ್ಷ ಅದಕ್ಕೆ ಬದಲಾಗಿ ಡಬ್ಬದ ಬಣ್ಣ. ಆ ನುಣ್ಣನೆಯ ಗೋಡೆಗೆ ಅಕ್ಕಿಹಿಟ್ಟು ಹಿಡಿಯದೆ ಚಿತ್ತಾರಕ್ಕೂ ಡಬ್ಬದ ಬಿಳುಪು. ಆಮೇಲೆ ಚಿತ್ತಾರಕ್ಕೆ ಬದಲಾಗಿ ಅಚ್ಚಾದ ಪಟ. ಒಂದೊಂದು ಹೆಜ್ಜೆಯೂ ನಿರ್ದೋಷವೇ. ಕೊನೆಗೆ ನೋಡಿದರೆ ಗುರಿಗೆ ಕಾಯಿಯನ್ನು ಗುರುತಿಸುವ ಕಣ್ಣೂ ಪುಂಡಿನಾರನ್ನು ಹದಮಾಡುವ ಕೈಯೂ ಇಲ್ಲ. ಹಳೆಯದೆಲ್ಲವನ್ನೂ ಉಳಿಸಲೇಬೇಕೆಂದು ಇದರ ಅರ್ಥವಲ್ಲ. ಮಣ್ಣಿನ ಗೋಡೆಯನ್ನು ವರ್ಷವರ್ಷವೂ ಬಳಿಯುವ ಶ್ರಮವನ್ನು ತಾವು ಪಡದೆ, ಪಡುವವರು ಅದನ್ನು ಬಿಡಬಾರದೆಂದು ಹೇಳುವುದು ಸಲ್ಲದ ಮಾತು. ಬಿಡುವುದಾದರೆ ಏನನ್ನು ಬಿಡುತ್ತಿದ್ದೇವೆಂದು ತಿಳಿದು ಬಿಡಬೇಕು. ಅಷ್ಟೇ ಇಲ್ಲಿ ಹೇಳತಕ್ಕದ್ದು. ಅತ್ತೆಯ ಹಟದಲ್ಲಿ ಆ ತಿಳಿವಳಿಕೆಯಿದೆ. ಆದುದರಿಂದ ಸೋಲುವಾಗಲೂ ಅವಳ ಮಾತನ್ನು ಕೇಳಿಸಿಕೊಂಡಿರಬೇಕು.

ಅಲ್ಪಭೇದದ ಆರಿಕೆಯಲ್ಲಿ ಸರಿಯಾದ ಉತ್ತರವು ಯಾವಾಗಲೂ ಇರುತ್ತದೆಂದು ಹೇಳಲಾಗದು. ಸರಿಯಾದ ನಡತೆಯು ಮಾತ್ರ ಯಾವಾಗಲೂ ಇರುತ್ತದೆ. ಚೆನ್ನಾಗಿ ನೋಡುವುದು, ಕಂಡ ಭೇದವನ್ನು ಕಂಡಷ್ಟೇ ಹೇಳುವುದು, ಇಷ್ಟವನ್ನು ಇಷ್ಟವೆಂದೇ ಒಪ್ಪಿಕೊಳ್ಳುವುದು, ತನಗೆ ಅಲ್ಪವಾದದ್ದು ಇನ್ನೊಬ್ಬರಿಗೆ ಅಧಿಕವಾಗಿರಬಹುದೆಂದು ತಿಳಿಯುವುದು, ಸಮವಾದಲ್ಲಿ ತಡಮಾಡದೆ ಬಿಟ್ಟುಕೊಡುವುದು. ಇವಿಷ್ಟನ್ನು ಅಭ್ಯಾಸಮಾಡಲು ಮಹಾಸಂದರ್ಭಗಳು ಒದಗುವುದಿಲ್ಲ. ಅಲ್ಲಿ ಭಯವೂ ಅವಸರವೂ ಮನುಷ್ಯನನ್ನು ಎಳೆದುಕೊಂಡು ಹೋಗುತ್ತವೆ. ಇವನ್ನು ಕಲಿಯತಕ್ಕ ಪಾಠಶಾಲೆಯು ಮನೆಯೇ. ಎರಡು ಕೆಂಪುಗಳಂಥ ವಿಷಯಗಳೇ ಅಲ್ಲಿಯ ಓನಾಮ. ಅಲ್ಲಿ ನ್ಯಾಯವಾಗಿ ನಡೆದುಕೊಂಡು ಪಳಗಿದವನಿಗೆ ದೊಡ್ಡ ಕವಲುದಾರಿಯು ಎದುರಾದ ದಿನ ಕಾಲು ತಪ್ಪುವ ಭಯ ಕಡಿಮೆ.